ಚಿಕ್ಕಪೇಟೆಯ ಟೈಲರ್ ಅಕ್ಕ, ನನ್ನ ಒಂಬತ್ತು ಬ್ಲೌಸು

ತುಮಕೂರು ಚಿಕ್ಕಪೇಟೆಯಲ್ಲಿ ಬೋರ್ಡೇ ಇಲ್ಲದ ಒಂದು ಟೈಲರ್ ಅಂಗಡಿ ಇದೆ. ಒಂದು ಷಟರು, ಎರಡು ಮಿಷನ್ನು, ಒಬ್ಬ ಅಕ್ಕ. ಹೋದ ತಿಂಗಳು ನನ್ನ ಒಂಬತ್ತು ಬ್ಲೌಸುಗಳನ್ನು ಅಲ್ಲಿ ಸಡಿಲ ಮಾಡಿಸಿದೆ.

ನಾನು 157 ಸೆಂಟಿಮೀಟರ್ ಎತ್ತರ, ತೂಕ 41 ಕೆಜಿ ಇತ್ತು. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡೋ ಬಿಎಂಐ 16.6. ಅದು 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು ಅಂತ ಲೆಕ್ಕ. ಥೈರಾಯ್ಡ್, ಶುಗರ್ ಎಲ್ಲ ಪರೀಕ್ಷೆ ಮಾಡಿಸಿ, ಕಾಯಿಲೆ ಇಲ್ಲ ಅಂತ ಗೊತ್ತಾದ ಮೇಲೆ ಡಯಟಿಷಿಯನ್ ಹೇಳಿದ ಹಾಗೆ ತಿನ್ನೋಕೆ ಶುರು ಮಾಡಿದೆ. ಡಬ್ಬದ ಪೌಡರ್ ಯಾವುದೂ ಇಲ್ಲ. ಹುರಿದ ಕಡ್ಲೇಬೀಜ, ತಿಪಟೂರು ಕೊಬ್ಬರಿ, ಬೆಲ್ಲ, ಎರಡು ಮೊಟ್ಟೆ, ರಾತ್ರಿ ಮುದ್ದೆ ಜೊತೆ ಇನ್ನೊಂದು ಚಮಚ ತುಪ್ಪ. 14 ತಿಂಗಳಲ್ಲಿ 53 ಕೆಜಿ ಆದೆ. ಮೆಟ್ಟಿಲು ಹತ್ತಿದರೆ ಈಗ ಕಣ್ಣು ಕತ್ತಲೆ ಬರಲ್ಲ.

ಬ್ಲೌಸ್ ಯಾವುದೂ ಏರುತ್ತಿರಲಿಲ್ಲ. ಮೊದಲು ಹಳೇ ಟೈಲರ್ ಹತ್ತಿರಾನೇ ಹೋದೆ, ಹೆಸರು ಬೇಡ. ಸಣ್ಣಗಿದ್ದಾಗ ಅಳತೆ ತಗೊಂಡಾಗಲೆಲ್ಲ "ಪ್ಯಾಡ್ ಇಟ್ಟುಬಿಡ್ಲಾ ಮೇಡಂ?" ಅಂತ ಕೇಳುತ್ತಿದ್ದವರು, ಈಗ ನಾಲ್ಕು ಜನರ ಮುಂದೆ "ಏನ್ ಮೇಡಂ, ಹಿಂಗ್ ಊದ್ಕೊಂಡಿದೀರಾ" ಅಂದರು. ಬಟ್ಟೆ ವಾಪಸ್ ತಗೊಂಡು ಬಂದೆ. 41 ಕೆಜಿಯ ಮೈಯೂ ನನ್ನದೇ, ಅದರ ಅಳತೆಗೂ ಸರಿಯಾಗಿ ಹೊಲಿದುಕೊಡಬೇಕಿತ್ತು.

ಈ ಅಕ್ಕ ಟೇಪು ಸುತ್ತಿ ಅಂಕಿ ಹೇಳುತ್ತಾರೆ, ಅಷ್ಟೇ. "ಎದೆ ಮೂವತ್ನಾಲ್ಕು, ತೋಳು ಹನ್ನೊಂದು." ಬೇಕು ಅಂತಾನೇ ದಪ್ಪ ಆಗಿದೀನಿ ಅಂತ ಹೇಳೋಕೆ ನನಗೆ ಬಹಳ ದಿನ ಸಂಕೋಚ ಇತ್ತು. ಇವರ ಹತ್ತಿರ ಸಲೀಸಾಗಿ ಬಾಯಿಗೆ ಬಂತು. "ಇನ್ನೂ ಎರಡು ಕೆಜಿ ಆಗಬಹುದು ಅಕ್ಕಾ" ಅಂದೆ. "ಹಂಗಾದ್ರೆ ಹೊಸ ಬ್ಲೌಸಿಗೆ ಒಳಗಡೆ ಎರಡಿಂಚು ಬಿಡ್ತೀನಿ ಕಣಮ್ಮ" ಅಂದರು. ಮೊದಲೆಲ್ಲ ಅಂಗಡಿಗೆ ಬರೋರು ತೂಕ ಇಳಿಸ್ತೀನಿ ಅಂತ ಒಂದಿಂಚು ಬಿಗಿಯಾಗೇ ಹೊಲಿಸಿಕೊಂಡು ಹೋಗೋರಂತೆ. ಈಗಿನ ಕಾಲೇಜು ಹುಡುಗೀರು "ನಾನು ಹೆಂಗಿದೀನೋ ಹಂಗೇ ಹೊಲೀರಿ ಆಂಟಿ" ಅಂತಾರಂತೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ಖುಷಿ ಇತ್ತು.

ಮದುವೆಯ ರೇಷ್ಮೆ ಬ್ಲೌಸೇ ಕಷ್ಟದ್ದು. ಬ್ಲೇಡಿನ ಮೂಲೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿದರು. ಒಳಗೆ ಮಡಚಿದ್ದ ಬಟ್ಟೆ ಅರ್ಧ ಇಂಚು ಮಾತ್ರ, ಬಣ್ಣ ಮಾಸದೆ ಕಡು ನೇರಳೆಯಾಗೇ ಇತ್ತು. ಅದು ಸಾಲದೆ, ನನ್ನನ್ನು ಕೇಳಿ, ಸೀರೆಯ ಒಳತುದಿಯಿಂದ ನಾಲ್ಕಿಂಚು ಕತ್ತರಿಸಿ ಕಂಕುಳ ಕೆಳಗೆ ಪಟ್ಟಿ ಕೊಟ್ಟರು. ಕೈ ಎತ್ತಿದರೂ ಪಟ್ಟಿ ಕಾಣಲ್ಲ. ತಂಗಿಯ ಸೀಮಂತಕ್ಕೆ ಅದನ್ನೇ ತೊಟ್ಟೆ, ಊಟಕ್ಕೆ ಕೂತಾಗ ಹುಕ್ಕು ಬಿಚ್ಚಬೇಕಾಗಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಗುರುವಾರ ಕೊಡ್ತೀನಿ ಅಂದವರು ಸೋಮವಾರ ಕೊಟ್ಟರು. ಒಂದು ಕಾಟನ್ ಬ್ಲೌಸಿನ ಎಡತೋಳು ಬಿಗಿ ಇತ್ತು, ಕಾಸು ತಗೊಳ್ಳದೆ ಸರಿ ಮಾಡಿಕೊಟ್ಟರು. ಹಾಕಿ ನೋಡೋಕೆ ರೂಮಿಲ್ಲ, ಮೂಲೆಯಲ್ಲಿ ಒಂದು ಪರದೆ, ಮುಖದಷ್ಟು ಕನ್ನಡಿ. ದೊಡ್ಡ ಕನ್ನಡಿ ಇಡಿ ಅಂತ ಹೇಳಿ ಬಂದಿದ್ದೇನೆ.

ಸಡಿಲ ಮಾಡೋಕೆ ಒಂದಕ್ಕೆ 60 ರೂಪಾಯಿ, ಪಟ್ಟಿ ಕೊಟ್ಟಿದ್ದಕ್ಕೆ 150 ತಗೊಂಡರು. ರೇಷ್ಮೆ ಬ್ಲೌಸ್ ಕೊಡುವವರು ಸೀರೆಯನ್ನೂ ಜೊತೆಗೆ ತಗೊಂಡು ಹೋಗಿ. ಗೌರಿ ಹಬ್ಬಕ್ಕೆ ಬೇಕಿದ್ದರೆ ಹದಿನೈದು ದಿನ ಮೊದಲೇ ಕೊಟ್ಟುಬಿಡಿ.