ಒಂದೇ ಬೀಟಲ್, ನಾಲ್ಕು ಬಣ್ಣದ ದಾರಿ: ಕ್ಯಾನ್, ಏರ್‌ಬ್ರಷ್, ನೀರಿನ ಅಕ್ರಿಲಿಕ್, ಪಿಯು

ಕಿಟ್ ಜೋಡಿಸಿ ಹಳೆಯ ಕಾರುಗಳ ಪುಟ್ಟ ಪ್ಲಾಸ್ಟಿಕ್ ಮಾದರಿ ಕಟ್ಟುವವರು ಎಲ್ಲಿ ಸೇರಿದರೂ ಮಾತು ಕೊನೆಗೆ ಬಣ್ಣಕ್ಕೇ ಬಂದು ನಿಲ್ಲುತ್ತದೆ. ಚಾಸಿಯ ಕೆಳಗೆ ಒಂದು ಕಡ್ಡಿ ಓರೆಯಾಗಿ ಕೂತರೆ ಯಾರಿಗೂ ಕಾಣಿಸುವುದಿಲ್ಲ; ಬಾಡಿಯ ಬಣ್ಣ ಮಾತ್ರ ಕೋಣೆಯ ಬಾಗಿಲಿನಿಂದಲೇ ಕಾಣುತ್ತದೆ. ಸ್ಪ್ರೇ ಕ್ಯಾನ್ ಸಾಕು ಎನ್ನುವವರು ಒಂದು ಗುಂಪು, ಕಂಪ್ರೆಸರ್ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಏರ್‌ಬ್ರಷ್ ಬೇಕೇ ಬೇಕು ಎನ್ನುವವರು ಇನ್ನೊಂದು. ವಾಸನೆಯನ್ನು ಸಹಿಸದ ಮನೆಯವರು ನೀರಿನ ಅಕ್ರಿಲಿಕ್ ಹಿಡಿಯುತ್ತಾರೆ. ನಿಜವಾದ ಕಾರಿಗೆ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣವನ್ನೇ ಮಾದರಿಗೂ ಹೊಡೆದು ಕನ್ನಡಿಯಂತೆ ಹೊಳೆಯಿಸುವವರೂ ಇದ್ದಾರೆ. ಈ ನಾಲ್ಕನ್ನೂ ಒಂದೇ ಕಾರಿನ ನಾಲ್ಕು ಮಾದರಿಗಳ ಮೇಲೆ ಹಿಡಿದು ನೋಡಿದ ಮೇಲೆ ನನಗೊಂದು ಖಚಿತ ಅಭಿಪ್ರಾಯ ಬಂದಿದೆ. ಹಳೆಯ ಕಾರಿಗೆ ಹೊಳಪಿಗಿಂತ ಬಣ್ಣದ ಪದರ ತೆಳ್ಳಗಿರುವುದೇ ಮುಖ್ಯ.

ನಾನು ಆರಿಸಿಕೊಂಡದ್ದು 1966ರ ಫೋಕ್ಸ್‌ವ್ಯಾಗನ್ 1300 ಬೀಟಲ್, ಜಪಾನಿನ ತಮಿಯಾ ಕಂಪನಿಯ 1/24 ಅಳತೆಯ ಕಿಟ್. ಬಣ್ಣವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಕಾರು ನನಗೆ ತೋಚಲಿಲ್ಲ. ಸುಮಾರು 4.07 ಮೀಟರ್ ಉದ್ದದ ಕಾರು ಇಲ್ಲಿ 17 ಸೆಂಟಿಮೀಟರ್‌ಗೆ ಇಳಿದಿದೆ, ಮತ್ತು ಅದರಲ್ಲಿ ಸಪಾಟಾದ ಜಾಗವೇ ಇಲ್ಲ ಎನ್ನಬೇಕು. ದುಂಡು ಮಡ್‌ಗಾರ್ಡಿನ ನೆತ್ತಿಯಲ್ಲಿ ಬಣ್ಣ ತೆಳುವಾಗುತ್ತದೆ, ಬುಡದಲ್ಲಿ ಬಂದು ಸೇರಿಕೊಳ್ಳುತ್ತದೆ. ಮೂರು ಜಾಗಗಳನ್ನು ನಾನು ಭೂತಗನ್ನಡಿ ಹಿಡಿದು ನೋಡುತ್ತೇನೆ: ಮಡ್‌ಗಾರ್ಡ್ ಬಾಡಿಗೆ ಸೇರುವ ಕಡೆಯ ಸಣ್ಣ ತೋಡು, ಹಿಂದಿನ ಗಾಜಿನ ಕೆಳಗೆ ಎಂಜಿನ್‌ಗೆ ಗಾಳಿ ಹೋಗುವ ಸೀಳುಗಳು, ಬಾಗಿಲುಗಳ ಮೇಲೆ ಮಳೆನೀರು ಹರಿಯುವ ಏಣು. ಈ ಮೂರೂ ಚೂಪಾಗಿ ಉಳಿದರೆ ಮಾದರಿ ಕಾರಿನಂತೆ ಕಾಣುತ್ತದೆ. ಮೊಂಡಾದರೆ ಎಷ್ಟೇ ಹೊಳೆದರೂ ಆಟಿಕೆಯಂತೆ ಕಾಣುತ್ತದೆ.

ತೆಳುತನದ ಮಾತಿಗೆ ಒಂದು ಲೆಕ್ಕವಿದೆ. ನಿಜವಾದ ಕಾರಿನ ಮೇಲೆ ಅಡಿಗೆ ಹೊಡೆಯುವ ಪ್ರೈಮರ್ ಸೇರಿ ಬಣ್ಣದ ದಪ್ಪ ಸಾಮಾನ್ಯವಾಗಿ 100 ಮೈಕ್ರಾನ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದೇ ದಪ್ಪವನ್ನು 1/24 ಮಾದರಿಯ ಮೇಲೆ ಕೂರಿಸಿದರೆ ಅದು ನಿಜವಾದ ಕಾರಿನ ಮೇಲೆ 2.4 ಮಿಲಿಮೀಟರ್ ಬಣ್ಣ ಬಳಿದಂತೆ. ತೋಡುಗಳು ತುಂಬಿಹೋಗಲು ಬೇರೆ ಕಾರಣವೇ ಬೇಡ.

ಬಣ್ಣ ರೂಬಿ ರೆಡ್, ಫೋಕ್ಸ್‌ವ್ಯಾಗನ್ ಪಟ್ಟಿಯಲ್ಲಿ ಎಲ್456. ಸ್ವಲ್ಪ ಕಂದಿದಂತೆ ಕಾಣುವ ಆಳವಾದ ಕೆಂಪು, ಲೋಹದ ಮಿನುಗು ಇಲ್ಲದ್ದು. ಆ ಕಾಲದ ಕಾರುಗಳಲ್ಲಿ ಬಣ್ಣವೂ ಹೊಳಪೂ ಒಂದೇ ಪದರದಲ್ಲಿರುತ್ತಿದ್ದವು. ಬಣ್ಣದ ಮೇಲೆ ಬೇರೆಯದಾಗಿ ಪಾರದರ್ಶಕ ಕ್ಲಿಯರ್ ಕೋಟ್ ಹೊಡೆಯುವ ಪದ್ಧತಿ ಸಾಮಾನ್ಯವಾದದ್ದು 1980ರ ದಶಕದಲ್ಲಿ. ಹಳೆಯ ಕಾರುಗಳನ್ನು ಸರಿಪಡಿಸುವವರ ನಡುವೆಯೂ ಈ ಕ್ಲಿಯರ್ ಬೇಕೇ ಬೇಡವೇ ಎಂಬ ಜಗಳ ನಡೆಯುತ್ತಿರುತ್ತದೆ. ಬೆಂಗಳೂರಿನ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ ಹಿರಿಯ ಪೇಂಟರ್ ಒಬ್ಬರು ಹಳೆಯ ಫಿಯಟ್ ಒಂದರ ಬಾಗಿಲನ್ನು ಉಜ್ಜುತ್ತಾ ನನಗೆ ಹೇಳಿದರು: “ಈಗಿನ ಕ್ಲಿಯರ್ ಹೊಡೆದರೆ ಗಾಡಿ ಥಳಥಳ ಅನ್ನುತ್ತದೆ ಸರ್, ಗಿರಾಕಿಗೂ ಖುಷಿ. ಆದರೆ ಬೆಳಕು ಮೇಲೆಯೇ ಜಾರಿಹೋಗುತ್ತದೆ. ಹಳೆಯ ಪೇಂಟಿನಲ್ಲಿ ಬೆಳಕು ಒಳಗೆ ಇಳಿದು ಬರುತ್ತಿತ್ತು.” ಮಾದರಿ ಕಟ್ಟುವವರು ಇದಕ್ಕಿಂತ ಒಳ್ಳೆಯ ಪಾಠವನ್ನು ಎಲ್ಲೂ ಕೇಳಲಾರರು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕೋ ಧರ್ಮಸ್ಥಳದ ವಾಹನ ಸಂಗ್ರಹಕ್ಕೋ ಹೋದವರು ಕಾರಿನ ಆಕಾರವನ್ನಷ್ಟೇ ಅಲ್ಲ, ಮಡ್‌ಗಾರ್ಡಿನ ಮೇಲೆ ದೀಪದ ಪ್ರತಿಬಿಂಬ ಎಷ್ಟು ಚೂಪಾಗಿದೆ, ಎಲ್ಲಿ ಮೆತ್ತಗಾಗಿದೆ ಎಂಬುದನ್ನೂ ನೋಡಿಕೊಂಡು ಬರಬೇಕು.

ಮೊದಲು ಕ್ಯಾನ್. ತಮಿಯಾದ ಟಿಎಸ್ ಸಾಲಿನ 100 ಮಿಲಿ ಕ್ಯಾನುಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗೆಂದೇ ತಯಾರಾದ ಲ್ಯಾಕರ್, ಅಂದರೆ ಥಿನ್ನರ್ ಆರಿ ಬೇಗ ಒಣಗುವ ಬಣ್ಣ. ಕೈಯಲ್ಲಿ ಬೇರೆ ಯಾವ ಸಲಕರಣೆಯೂ ಇಲ್ಲದವರಿಗೆ ಇದರಷ್ಟು ಹತ್ತಿರದ ದಾರಿ ಇನ್ನೊಂದಿಲ್ಲ. ಹೊಸಬರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಉಗುರುಬೆಚ್ಚಗಿನ ನೀರಿನಲ್ಲಿ ಕ್ಯಾನನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಒಳಗಿನ ಒತ್ತಡ ಏರಿ ಹನಿಗಳು ಸಣ್ಣದಾಗುತ್ತವೆ. ಬಿಸಿನೀರು ಮಾತ್ರ ಕೂಡದು, ಒಲೆಯ ಹತ್ತಿರಕ್ಕಂತೂ ಒಯ್ಯಲೇಬಾರದು. ಮೊದಲು ಮಂಜಿನಂತೆ ತೆಳುವಾಗಿ ಎರಡು ಸುತ್ತು, ಅದು ಹಿಡಿದುಕೊಂಡ ಮೇಲೆ ಒದ್ದೆಯಾಗಿ ಒಂದು ಸುತ್ತು. ಬೀಟಲ್‌ನ ದುಂಡು ಮೈ ಮೇಲೆ ಬಣ್ಣ ತಾನಾಗಿ ಹರಿದು ಸಮನಾಗುವುದನ್ನು ನೋಡುವುದೇ ಒಂದು ಸುಖ.

ಕ್ಯಾನ್ ಯಾವ ಕಂಪನಿಯದಾದರೂ ಎರಡು ಮಿತಿಗಳು ಅದರ ಹುಟ್ಟಿನಲ್ಲೇ ಇವೆ. ಹನಿ ದಪ್ಪ, ಹರಿವು ಹೆಚ್ಚು. ಎಷ್ಟು ಬೇಕೋ ಅಷ್ಟೇ ಬಿಡಲು ಗುಂಡಿಯಲ್ಲಿ ಅವಕಾಶವಿಲ್ಲ. ಹಿಂದಿನ ಗಾಜಿನ ಕೆಳಗಿನ ಸೀಳುಗಳು ಒದ್ದೆ ಸುತ್ತಿನಲ್ಲೇ ಅರ್ಧ ಮುಚ್ಚಿಕೊಳ್ಳುತ್ತವೆ. ಬಣ್ಣ ಹೊಡೆಯುವ ಮೊದಲೇ ಈ ಗೆರೆಗಳನ್ನು ಸ್ಕ್ರೈಬರ್ ಎಂಬ ಮೊನೆಯಾದ ಕೊರೆಯುವ ಸಲಕರಣೆಯಿಂದ ಸ್ವಲ್ಪ ಆಳ ಮಾಡಿಕೊಂಡರೆ ಪರಿಣಾಮ ಗಮನಾರ್ಹವಾಗಿ ಉತ್ತಮ. ಎರಡನೆಯ ಮಿತಿ ಬಣ್ಣದ ಆಯ್ಕೆ. ಕ್ಯಾನ್ ಪಟ್ಟಿಯಲ್ಲಿ ಇಟಾಲಿಯನ್ ರೆಡ್ ಇದೆ, ಮರೂನ್ ಇದೆ. ಎಲ್456 ಅವೆರಡರ ನಡುವೆ ಎಲ್ಲೋ ಕೂರುತ್ತದೆ. ಕ್ಯಾನಿನೊಳಗೆ ಬಣ್ಣ ಬೆರೆಸಲಾಗದು. ಕಾರಿನ ಹುಟ್ಟಿದ ಬಣ್ಣವೇ ಬೇಕೆಂದು ಹಟ ಹಿಡಿಯುವ ನನ್ನಂಥವರಿಗೆ ಇದು ದೊಡ್ಡ ಕೊರತೆ.

ನೀರಿನ ಆಧಾರದ ಅಕ್ರಿಲಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಸನೆ ಕಡಿಮೆ, ಏರ್‌ಬ್ರಷ್ ತೊಳೆಯುವುದು ಸುಲಭ, ಚಿಕ್ಕ ಮಕ್ಕಳಿರುವ ಮನೆಗೆ ಒಗ್ಗುತ್ತದೆ. ಸೀಟು, ಡ್ಯಾಶ್‌ಬೋರ್ಡ್, ನೆಲದ ಮ್ಯಾಟುಗಳಿಗೆ ನಾನು ಇದನ್ನೇ ಬಳಸುತ್ತೇನೆ. ಬಾಡಿಗೆ ಮಾತ್ರ ಬೇಡ. ಒಣಗಿದಾಗ ಇದು ಗಟ್ಟಿಯಾದ ಸಿಪ್ಪೆಯಾಗುವ ಬದಲು ರಬ್ಬರಿನಂಥ ಪೊರೆಯಾಗುತ್ತದೆ. ವಾಟರ್ ಪೇಪರ್ ತಾಗಿಸಿದರೆ ಪುಡಿಯಾಗಿ ಬರುವುದಿಲ್ಲ, ಎಳೆದುಕೊಂಡು ಬರುತ್ತದೆ. ಉಜ್ಜಿ ಹೊಳಪು ತರಲು ಆಗದ ಬಣ್ಣದಲ್ಲಿ ಕೂತ ಒಂದು ಧೂಳಿನ ಕಣವೂ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಲ್ಯಾಕರ್ ಕ್ಲಿಯರ್ ಹೊಡೆದು ಹೊಳಪು ತರಬಹುದು ಎನ್ನುತ್ತಾರೆ. ನಿಜ, ತರಬಹುದು. ಆದರೆ ಆಗ ವಾಸನೆಯೂ ಬಂತು, ದಪ್ಪವೂ ಬಂತು, ನೀರಿನ ಬಣ್ಣ ಹಿಡಿದ ಕಾರಣವೇ ಹೋಯಿತು.

ಪಿಯು ವಿಷಯ ಬೇರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನ ಕಾರು ಬಣ್ಣದ ಅಂಗಡಿಗಳಿಗೆ ಮಾದರಿ ಚೂರೊಂದನ್ನು ಒಯ್ದರೆ ಬಣ್ಣವನ್ನು ಬೆರೆಸಿ ಕೈಗೆ ಕೊಡುತ್ತಾರೆ. ಎಲ್456ಕ್ಕೆ ಇಷ್ಟು ಹತ್ತಿರ ಬೇರೆ ಯಾವ ದಾರಿಯಲ್ಲೂ ನನಗೆ ಸಿಗಲಿಲ್ಲ. ಬಣ್ಣವನ್ನು ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆತ ಮೇಲೆ ಇದು ಬರೀ ಥಿನ್ನರ್ ಆರಿ ಒಣಗುವ ಬಣ್ಣವಲ್ಲ. ಒಳಗೊಳಗೇ ಕಣಕ್ಕೆ ಕಣ ಬೆಸೆದುಕೊಂಡು ಗಟ್ಟಿಯಾಗುತ್ತದೆ. ಬೆರಳಿನ ಗುರುತು ಹಿಡಿಯದು, ಪೆಟ್ರೋಲ್ ತಾಗಿದರೂ ಕರಗದು. ಹೊಳಪಿನ ಮಾತಾದರೆ ಉಳಿದ ಮೂರೂ ಇದರ ಹತ್ತಿರ ಸುಳಿಯುವುದಿಲ್ಲ.

ಆದರೂ ನನ್ನ ಬೀಟಲ್‌ಗಳ ಸಾಲಿನಲ್ಲಿ ಅತಿ ಕಡಿಮೆ ಬೀಟಲ್ ಆಗಿ ಕಾಣುವುದು ಪಿಯು ಹೊಡೆದದ್ದೇ. ಮಡ್‌ಗಾರ್ಡಿನ ಸುತ್ತಲಿನ ತೋಡು ಬರೀ ನೆರಳಾಗಿ ಉಳಿದಿದೆ, ಏಣಿನ ಅಂಚು ಉರುಟಾಗಿದೆ. ಬಾನೆಟ್ಟಿನ ನಡುವಿನ ಕ್ರೋಮ್ ಪಟ್ಟಿಗೆ ಅಂಟಿಸಿದ ಬೇರ್ ಮೆಟಲ್ ಎಂಬ ತೆಳು ಲೋಹದ ಹಾಳೆಯ ಅಂಚು ಕತ್ತರಿಸಲು ಚಾಕುವಿಗೆ ಗೆರೆಯೇ ಸಿಗುವುದಿಲ್ಲ. ಹೊಳಪೂ 1966ರದ್ದಲ್ಲ, ಈಗಿನ ಶೋರೂಮಿನದು. ಹಳೆಯ ಪೇಂಟರ್ ಹೇಳಿದ್ದು ಇಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ಇದಕ್ಕಿಂತ ಗಂಭೀರವಾದ ಕಾರಣ ಇನ್ನೊಂದು. ಪಿಯು ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಸಿಂಪಡಿಸುವಾಗ ಉಸಿರಿನೊಳಗೆ ಹೋದರೆ ಅಸ್ತಮಾ ಬರಿಸಬಲ್ಲದು. ಒಮ್ಮೆ ದೇಹ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ ಮುಂದೆ ಅತಿ ಸ್ವಲ್ಪವೂ ತೊಂದರೆ ಕೊಡುತ್ತದೆ. ಅಪಾಯದ ಮಟ್ಟಕ್ಕೆ ಏರಿದರೂ ವಾಸನೆಯಿಂದ ಎಚ್ಚರಿಕೆ ಸಿಗುವುದಿಲ್ಲ. ಬಟ್ಟೆಯ ಮಾಸ್ಕು, ಧೂಳಿನ ಮಾಸ್ಕು ಏನೂ ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಮುಖವಾಡಕ್ಕೆ ಒದಗಿಸುವ ವ್ಯವಸ್ಥೆ ಇರುವ ಬೂತಿನಲ್ಲಿ ಹೊಡೆಯುವ ಬಣ್ಣ ಇದು, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಹೊಡೆಯುವಂಥದ್ದಲ್ಲ. ಬಾಲ್ಕನಿಯಲ್ಲೇ ಹೊಡೆಯುತ್ತೇನೆ ಎನ್ನುವ ಗೆಳೆಯರನ್ನು ನಾನು ಪ್ರತಿಸಲವೂ ತಡೆಯುತ್ತೇನೆ.

ಉಳಿದದ್ದು ಏರ್‌ಬ್ರಷ್ ಮತ್ತು ಬಾಟಲಿಯ ಲ್ಯಾಕರ್. ನಾನು ಬಳಸಿದ್ದು ಜಪಾನಿನ ಜಿಎಸ್‌ಐ ಕ್ರಿಯೋಸ್‌ನ ಮಿಸ್ಟರ್ ಕಲರ್, 10 ಮಿಲಿಯ ಪುಟ್ಟ ಬಾಟಲಿ. ಲ್ಯಾಕರ್‌ಗೂ ಹಳೆಯ ಕಾರಿಗೂ ಹಳೆಯ ನಂಟು. ಡ್ಯುಪಾಂಟ್‌ನ ನೈಟ್ರೋಸೆಲ್ಯುಲೋಸ್ ಲ್ಯಾಕರ್ ‘ಡ್ಯೂಕೊ’ವನ್ನು ಜನರಲ್ ಮೋಟಾರ್ಸ್ 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಹೊಡೆದಾಗ, ವಾರಗಟ್ಟಲೆ ಒಣಗಬೇಕಿದ್ದ ಕಾರಿನ ಬಣ್ಣ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಆ ಹೆಸರು ನಮ್ಮ ಬೀರು, ಬಾಗಿಲುಗಳಿಗೆ ಬಣ್ಣ ಹೊಡೆಯುವವರ ಬಾಯಲ್ಲಿ ಇನ್ನೂ ಉಳಿದಿದೆ. ಬಾಟಲಿಯೊಳಗಿನ ರಸಾಯನ ಈಗ ಬೇರೆ, ಗುಣ ಅದೇ: ಬೇಗ ಆರುತ್ತದೆ, ಕುಗ್ಗಿ ತೆಳ್ಳಗಾಗುತ್ತದೆ, ಉಜ್ಜಿದರೆ ಹೊಳಪು ಕೊಡುತ್ತದೆ.

ಬಣ್ಣ ಒಂದು ಪಾಲು, ಥಿನ್ನರ್ ಒಂದೂವರೆಯಿಂದ ಎರಡು ಪಾಲು. 0.3 ಮಿಲಿಮೀಟರ್ ನಾಜಲ್, 15ರಿಂದ 20 ಪಿಎಸ್‌ಐ ಒತ್ತಡ. ರೂಬಿ ರೆಡ್‌ಗೆ ಕೆಂಪಿನಲ್ಲಿ ಹನಿ ಹನಿಯಾಗಿ ಕಂದು ಸೇರಿಸುತ್ತಾ, ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಹೊಡೆದು ಹಗಲ ಬೆಳಕಿನಲ್ಲಿ ನೋಡುತ್ತಾ ಹೋಗಬೇಕು. ಒಣಗಿದ ಮೇಲೆ ಬಣ್ಣ ಬದಲಾಗುವುದರಿಂದ ಹಸಿಯಾಗಿರುವಾಗಲೇ ತೀರ್ಮಾನಿಸಬಾರದು. ಪ್ರತಿ ಸುತ್ತೂ ಎಷ್ಟು ತೆಳುವೆಂದರೆ, ಮೊದಲ ಕೆಲವು ಸುತ್ತುಗಳಲ್ಲಿ ಕೆಳಗಿನ ಪ್ರೈಮರ್ ಕಾಣುತ್ತಲೇ ಇರುತ್ತದೆ. ತಾಳ್ಮೆ ಇಲ್ಲಿಯೇ ಬೇಕು. ತೋಡುಗಳಿಗೆ ಮತ್ತು ಬಾಗಿಲಿನ ಅಂಚುಗಳಿಗೆ ಮೊದಲು ಹೊಡೆದು, ದೊಡ್ಡ ಮೈಯನ್ನು ಕೊನೆಗೆ ಇಟ್ಟುಕೊಂಡರೆ ಎಲ್ಲೂ ಬಣ್ಣ ಗುಡ್ಡೆಯಾಗುವುದಿಲ್ಲ. ಕೊನೆಯ ಸುತ್ತಿಗೆ ನಿಧಾನವಾಗಿ ಆರುವ ಲೆವೆಲಿಂಗ್ ಥಿನ್ನರ್ ಹೆಚ್ಚು ಬೆರೆಸಿದರೆ ಬಣ್ಣಕ್ಕೆ ಹರಡಿಕೊಳ್ಳಲು ಪುರಸೊತ್ತು ಸಿಗುತ್ತದೆ.

ಚೆನ್ನಾಗಿ ಒಣಗಲು ಬಿಟ್ಟು, 2000 ನಂಬರಿನ ವಾಟರ್ ಪೇಪರ್‌ನಿಂದ ಹಗುರವಾಗಿ ಉಜ್ಜಿ, ಹೊಳಪು ತರುವ ಕಾಂಪೌಂಡಿನಿಂದ ತಿಕ್ಕಿದಾಗ ಬಂದ ಹೊಳಪು ಪಿಯುವಿನಷ್ಟು ಚೂಪಲ್ಲ. ಟ್ಯೂಬ್‌ಲೈಟ್‌ನ ಪ್ರತಿಬಿಂಬದ ಅಂಚು ಒಂದು ಕೂದಲೆಳೆಯಷ್ಟು ಮೆತ್ತಗಿದೆ. ಆ ಮೆತ್ತನೆಯೇ ನನಗೆ ಬೇಕಾದದ್ದು. ಗಾಳಿಸೀಳುಗಳು ಒಂದೊಂದೂ ಬೇರೆಬೇರೆಯಾಗಿ ಎಣಿಸುವಂತಿವೆ. ಕ್ಲಿಯರ್ ಕೋಟ್ ಹೊಡೆಯಲೇ ಇಲ್ಲ. ನಾಲ್ಕನ್ನೂ ಒಂದೇ ಕಪಾಟಿನಲ್ಲಿ ಇಟ್ಟರೆ ಹಳೆಯ ಕಾರಿನ ಒಡೆಯರು ಎತ್ತಿಕೊಳ್ಳುವುದು ಇದನ್ನು. ಕಾರಿನ ಗೀಳಿಲ್ಲದ ನೆಂಟರು ಎತ್ತಿಕೊಳ್ಳುವುದು ಪಿಯು ಹೊಡೆದದ್ದನ್ನು.

ಖರ್ಚಿನ ಮಾತೂ ಬೇಕು. ಏರ್‌ಬ್ರಷ್, ಕಂಪ್ರೆಸರ್, ಗಾಳಿ ಹೊರಗೆ ಎಳೆಯುವ ಬೂತ್, ಕಾರ್ಟ್ರಿಜ್ ಇರುವ ಮಾಸ್ಕ್ ಎಲ್ಲ ಸೇರಿದರೆ ಕಿಟ್ಟಿನ ಬೆಲೆಯ ಹಲವು ಪಟ್ಟು. ವರ್ಷಕ್ಕೆ ಒಂದೆರಡು ಕಾರು ಕಟ್ಟುವವರು ಅಷ್ಟು ಹಾಕಬೇಕಾಗಿಲ್ಲ. ಏರ್‌ಬ್ರಷ್ ಈಗಾಗಲೇ ಇದ್ದು ಬಾಟಲಿ ಲ್ಯಾಕರ್ ಸಿಗದವರಿಗೆ ನಡುದಾರಿಯೊಂದಿದೆ: ಕ್ಯಾನಿನ ಬಣ್ಣವನ್ನು ಸ್ಟ್ರಾ ಮೂಲಕ ಗಾಜಿನ ಬಾಟಲಿಗೆ ಇಳಿಸಿ, ಮುಚ್ಚಳ ಸಡಿಲವಾಗಿಟ್ಟು, ಗಾಳಿಯಾಡುವ ಜಾಗದಲ್ಲಿ ಗುಳ್ಳೆ ಏಳುವುದು ಪೂರ್ತಿ ನಿಲ್ಲುವವರೆಗೆ ಬಿಡುವುದು. ಅನಿಲ ಹೋಗದೆ ಏರ್‌ಬ್ರಷ್‌ಗೆ ಹಾಕಿದರೆ ಬಟ್ಟಲಿನಿಂದ ಉಕ್ಕಿ ಚೆಲ್ಲುತ್ತದೆ. ಹೀಗೆ ಇಳಿಸಿದ ಮರೂನ್ ಮತ್ತು ಇಟಾಲಿಯನ್ ರೆಡ್ ಬೆರೆಸಿಯೂ ರೂಬಿ ರೆಡ್‌ಗೆ ಸಾಕಷ್ಟು ಹತ್ತಿರ ಬರಬಹುದು.

ಮಳೆಗಾಲದಲ್ಲಿ ಲ್ಯಾಕರ್ ಹಿಡಿಯುವವರು ಆಕಾಶ ನೋಡಿಕೊಂಡು ಕೂರಬೇಕು. ಥಿನ್ನರ್ ಆವಿಯಾಗುವಾಗ ಬಾಡಿಯ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ನಿಧಾನ ಥಿನ್ನರ್ ಬೆರೆಸಿದರೆ ಬಹಳಷ್ಟು ತಪ್ಪುತ್ತದೆ. ಆಷಾಢದ ಸೋನೆಯಲ್ಲಿ ಅದೂ ಸಾಲದು, ಆ ದಿನಗಳನ್ನು ನಾನು ಸೀಟು, ಚಕ್ರ, ಎಂಜಿನ್‌ಗೆ ಮೀಸಲಿಡುತ್ತೇನೆ.

ಕೆಂಪಿಗೆ ಹೇಳಿದ್ದು ಎಲ್ಲ ಬಣ್ಣಕ್ಕೂ ಸಲ್ಲದು. ಫೋಕ್ಸ್‌ವ್ಯಾಗನ್ ಪಟ್ಟಿಯ ಪರ್ಲ್ ವೈಟ್, ಎಲ್87, ಹೆಸರಿನಲ್ಲಿ ಮುತ್ತು ಇದ್ದರೂ ಮಿನುಗಿಲ್ಲದ ಹಾಲುಬಿಳುಪು. ಅದನ್ನು ಬೂದು ಪ್ರೈಮರ್ ಮೇಲೆ ತೆಳ್ಳಗೆ ಹೊಡೆಯುತ್ತಾ ಹೋದರೆ ಪ್ರೈಮರ್ ಮುಚ್ಚುವಷ್ಟರಲ್ಲಿ ದಪ್ಪವಾಗಿಬಿಡುತ್ತದೆ, ಆದ್ದರಿಂದ ಪ್ರೈಮರೇ ಬಿಳಿ ಇರಬೇಕು. ಕಪ್ಪಿಗೆ, ಅಂದರೆ ಎಲ್41ಕ್ಕೆ, ನಾನು ಇಂದಿಗೂ ಕ್ಯಾನನ್ನೇ ಎತ್ತಿಕೊಳ್ಳುತ್ತೇನೆ. ಕಪ್ಪು ಒಂದೇ ಸುತ್ತಿಗೆ ಕೆಳಗಿನದನ್ನು ಮುಚ್ಚುತ್ತದೆ, ಬಣ್ಣ ಬೆರೆಸುವ ಗೊಡವೆ ಇಲ್ಲ, ಮತ್ತು ಕಪ್ಪಿನ ಮೇಲೆ ಏರ್‌ಬ್ರಷ್‌ನ ಒಣ ಹನಿಗಳ ಹುಡಿ ಎದ್ದು ಕಾಣುವಷ್ಟು ಬೇರೆ ಯಾವ ಬಣ್ಣದ ಮೇಲೂ ಕಾಣುವುದಿಲ್ಲ. ಗೆರೆಗಳನ್ನು ಮೊದಲೇ ಆಳ ಮಾಡಿಕೊಂಡ ಬಾಡಿಗೆ ಒಂದು ಒದ್ದೆ ಸುತ್ತು ಸಾಕು. ಆಮೇಲೆ ಅದನ್ನು ಡಬ್ಬಿಯಿಂದ ಮುಚ್ಚಿಟ್ಟು ಮರುದಿನದವರೆಗೆ ಮುಟ್ಟದಿರುವುದು.