ನಲ್ಲಿ ಇರುವ ಫರ್ಮೆಂಟೇಶನ್ ಬಕೆಟ್ ಕೊಳ್ಳುವ ಮುಂಚೆ ಇದನ್ನು ಓದಿ

ಬಯೋ ಎಂಜೈಮ್ (ಹಣ್ಣಿನ ಸಿಪ್ಪೆ, ಬೆಲ್ಲ ಹುದುಗಿಸಿ ಮಾಡುವ ಕ್ಲೀನಿಂಗ್ ದ್ರವ) ಮಾಡಲು ಅಂತ ಆನ್‌ಲೈನ್‌ನಲ್ಲಿ 20 ಲೀಟರ್ ಬಕೆಟ್ ಹುಡುಕುತ್ತಿದ್ದೀರಾ? ಕೆಳಗೆ ನಲ್ಲಿ, ಮುಚ್ಚಳದಲ್ಲಿ ಗಾಳಿ ಬಿಡುವ ಏರ್‌ಲಾಕ್ ಇರುವಂಥದ್ದು? ಸ್ವಲ್ಪ ತಡೆಯಿರಿ.

ಇವು ಹೊರದೇಶದಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಬಳಸುವ ಬಕೆಟ್‌ಗಳು. ನಮ್ಮಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವ ಹಾಗಿಲ್ಲ, ಆ ಮಾತು ಬಿಡಿ. ನಾನು ತರಿಸಿದ್ದು ನೆಲ ಒರೆಸುವ ಎಂಜೈಮ್‌ಗೆ. ಕಲಬುರಗಿ ಬೇಸಿಗೆಯಲ್ಲಿ ಜ್ಯೂಸ್ ಗಾಡಿಯವರ ಹತ್ತಿರ ಮೋಸಂಬಿ ಸಿಪ್ಪೆಗೇನು ಬರ? 1 ಕೆಜಿ ಬೆಲ್ಲ, 3 ಕೆಜಿ ಸಿಪ್ಪೆ, 10 ಲೀಟರ್ ನೀರು ಹಾಕಿ ಮೂಲೆಯಲ್ಲಿಟ್ಟೆ. ಇದಕ್ಕೆ 3 ತಿಂಗಳು ಬೇಕು.

ಮೊದಲು ಕಂಡಿದ್ದು ಇರುವೆ ಸಾಲು. ನಲ್ಲಿಯ ಬುಡದಲ್ಲಿ ಅಂಟಂಟು ಹನಿ. ಬಕೆಟ್ ಸರಿಸಿದರೆ ಕೆಳಗಿನ ಪರ್ಸಿಯ (ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ) ಮೇಲೆ ಅಂಗೈ ಅಗಲದ ಬಿಳಿಚಿದ ಕಲೆ. ಒರೆಸಿದೆ, ಅಂಟು ಹೋಯಿತು, ಕಲೆ ಹೋಗಲಿಲ್ಲ. ಬೆರಳಾಡಿಸಿದರೆ ಸುತ್ತಲಿನ ಕಲ್ಲು ನುಣುಪು, ಆ ಜಾಗ ಮಾತ್ರ ಮರಳು ಕಾಗದದ ಹಾಗೆ ತರಿತರಿ. ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು. ಬೆಲ್ಲ ಹುದುಗಿದ ಮೇಲೆ ವಿನೆಗರ್‌ನಲ್ಲಿರುವ ಆಮ್ಲವೇ ಇದರಲ್ಲೂ ಬರುತ್ತದೆ. ಹುಳಿ ಸುಣ್ಣವನ್ನು ತಿನ್ನದೆ ಬಿಡುತ್ತದಾ? ನಮ್ಮ ಕಡೆ ಹಳೇ ಮನೆಗಳಲ್ಲಿ ಇದೇ ನೆಲ ಅಲ್ವಾ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಲ್ಲಿಯ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದೆ, ಸೋರುವುದು ನಿಲ್ಲಲಿಲ್ಲ. ಇಲ್ಲಿ ನೀರು ತಡೆಯಬೇಕಾದ್ದು ವಾಷರ್, ಥ್ರೆಡ್ ಅಲ್ಲ. ನಟ್ ಇನ್ನೂ ಬಿಗಿ ಮಾಡಿದರೆ ರಬ್ಬರ್ ಪಕ್ಕಕ್ಕೆ ಹಿಂಡಿಕೊಂಡು ಸೋರುವುದು ಜಾಸ್ತಿಯೇ ಆಯಿತು. ಕೊನೆಗೆ ಎಲ್ಲ ಬೇರೆ ಪಾತ್ರೆಗೆ ಸುರಿದು ನಲ್ಲಿ ಬಿಚ್ಚಿದೆ. ಒಳಗಡೆ ವಾಷರೇ ಇಲ್ಲ! ಹೊರಗೊಂದು ಗಟ್ಟಿ, ತೆಳು ವಾಷರ್ ಅಷ್ಟೇ. ಬಕೆಟ್ ಮೈ ದುಂಡಗೆ, ವಾಷರ್ ಚಪ್ಪಟೆ, ಎರಡೂ ಪಕ್ಕ ಸಂದು. ಸಾಲದ್ದಕ್ಕೆ, ಡ್ರಿಲ್ ಮಾಡಿದ ತೂತಿನ ಅಂಚಲ್ಲಿ ಪ್ಲಾಸ್ಟಿಕ್ ಸಿಬಿರು ಹಾಗೇ ಉಳಿದಿತ್ತು.

ಮಾರಿದವರನ್ನು ಕೇಳಿದರೆ ‘ನೀವೇ ಜಾಸ್ತಿ ಬಿಗಿ ಮಾಡಿದ್ದೀರಿ’ ಅಂದರು. ವಾಪಸ್ ಕೊಡುವ ಅವಧಿಯೂ ಮುಗಿದಿತ್ತು. ತಿಂಗಳುಗಟ್ಟಲೆ ತುಂಬಿಡುವ ಪಾತ್ರೆಗೆ ಕೆಲವೇ ದಿನದ ಅವಧಿ! ಆದ್ದರಿಂದ ಬಕೆಟ್ ಬಂದ ದಿನವೇ ಬರೀ ನೀರು ತುಂಬಿ, ಒಣ ಪೇಪರ್ ಮೇಲೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಪೇಪರ್ ಒದ್ದೆಯಾಗಿದ್ದರೆ ಫೋಟೋ ತೆಗೆದು ವಾಪಸ್ ಕಳಿಸಿ.

ನನ್ನ ಬಕೆಟ್‌ನ ಏರ್‌ಲಾಕ್‌ನಲ್ಲಿ ಗುಳ್ಳೆಯೂ ಬರುತ್ತಿರಲಿಲ್ಲ. ಮುಚ್ಚಳದ ಅಂಚಿಗೆ ಸೋಪಿನ ನೀರು ಹಚ್ಚಿದೆ, ಅಲ್ಲಿ ಬುಳುಬುಳು. ಗ್ಯಾಸ್ ಸುಲಭದ ದಾರಿ ಹಿಡಿದಿತ್ತು. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಹುಳ ಹೋಗದಿದ್ದರೆ ಸಾಕು. 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಪೂರ್ತಿ ಬಿಗಿಯಾದ ಮುಚ್ಚಳವೇ ಅಪಾಯ. ಏರ್‌ಲಾಕ್ ಇಲ್ಲದಿದ್ದರೆ ಮೊದಲ ತಿಂಗಳು ದಿನಾ ಒಮ್ಮೆ ಮುಚ್ಚಳ ತೆಗೆದು ಗ್ಯಾಸ್ ಬಿಡಿ.

ಈಗ ಸಿಬಿರು ಉಜ್ಜಿ, ಹಾರ್ಡ್‌ವೇರ್ ಅಂಗಡಿಯಿಂದ ಮೆತ್ತನೆಯ ಸಿಲಿಕಾನ್ ವಾಷರ್ ತಂದು ಒಳಗೊಂದು ಹೊರಗೊಂದು ಹಾಕಿದ್ದೇನೆ. ಸೋರುತ್ತಿಲ್ಲ. ಆದರೂ ಕೆಳಗೆ ಸ್ಟೀಲ್ ಪರಾತ ಇಟ್ಟಿದ್ದೇನೆ. ಹೊಸದು ಕೊಳ್ಳುವವರು ನಲ್ಲಿ ಇಲ್ಲದ ಬಕೆಟ್ಟೇ ಕೊಳ್ಳಿ. ಎಂಜೈಮ್ ತೆಗೆಯಲು ನೀರು ತುಂಬಿದ ಒಂದು ಪೈಪ್ ಮೇಲಿಂದ ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಕೆಟ್‌ಗಿಂತ ಕೆಳಗೆ ಹಿಡಿದರೆ ಆಯಿತು.