ಕ್ಲೀನರ್ ರ‍್ಯಾಸ್, ಸಿಗಡಿ, ನಿಯಾನ್ ಗೋಬಿ: ನನ್ನ ಟ್ಯಾಂಕಿಗೆ ಒಗ್ಗಿದ್ದು ಗೋಬಿಯೇ

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆ ನಾನು ಹೇಳುವುದಿಷ್ಟೇ: ನಿಯಾನ್ ಗೋಬಿ ತಗೊಳ್ಳಿ, ರ‍್ಯಾಸ್ ಬೇಡ. ಬೇರೆ ಮೀನುಗಳ ಮೈಯಿಂದ ಪರಾವಲಂಬಿಗಳನ್ನು ಹೆಕ್ಕಿ ತಿನ್ನುವ ಈ ಎರಡು ಮೀನು, ಒಂದು ಸಿಗಡಿ, ಮೂರನ್ನೂ ಸಾಕಿ ನೋಡಿದ ಮೇಲೆ ಈ ಮಾತು.

ಅಂಗಡಿಯಲ್ಲಿ ಮೊದಲು ತೋರಿಸುವುದು ಕ್ಲೀನರ್ ರ‍್ಯಾಸನ್ನೇ. ನೀಲಿ ಮೈ, ಉದ್ದಕ್ಕೂ ಕಪ್ಪು ಪಟ್ಟೆ, ಬೆಲೆಯೂ ಕಡಿಮೆ. "ಇದೊಂದು ಬಿಡಿ ಸಾರ್, ಬಿಳಿ ಚುಕ್ಕೆ ರೋಗ ಹತ್ತಿರಾನೂ ಸುಳಿಯಲ್ಲ" ಅಂದರು. ಹಾಗೇನೂ ಇಲ್ಲ. ಬಿಳಿ ಚುಕ್ಕೆ ತರುವ ಜೀವಿ ಚರ್ಮದ ಒಳಗೆ ಹೊಕ್ಕು ಕೂರುತ್ತದೆ, ಮೇಲಿನಿಂದ ಹೆಕ್ಕುವವರಿಗೆ ಸಿಗುವುದಿಲ್ಲ. ಗೋಬಿ, ಸಿಗಡಿಗೂ ಅಷ್ಟೇ.

ಸಮುದ್ರದಲ್ಲಿ ರ‍್ಯಾಸ್‌ನ ಕೆಲಸ ಸಣ್ಣದಲ್ಲ. ಅಲ್ಲಿ ಅದು ತಿನ್ನುವುದು ಮುಖ್ಯವಾಗಿ ನ್ಯಾಥಿಯಿಡ್ ಎಂಬ ರಕ್ತ ಹೀರುವ ಪುಟ್ಟ ಜೀವಿಗಳನ್ನು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದಲ್ಲಿ ಸಂಶೋಧಕಿ ಅಲೆಕ್ಸಾಂಡ್ರಾ ಗ್ರಟರ್ ಲೆಕ್ಕ ಹಾಕಿದಾಗ ಒಂದು ರ‍್ಯಾಸ್ ದಿನಕ್ಕೆ ಸುಮಾರು 1,200 ಪರಾವಲಂಬಿಗಳನ್ನು ತಿನ್ನುತ್ತಿತ್ತು. ಅಲ್ಲೇ ಕೆಲವು ಚಿಕ್ಕ ಹವಳ ದಿಬ್ಬಗಳಿಂದ ಎಂಟು ವರ್ಷಕ್ಕೂ ಜಾಸ್ತಿ ಕಾಲ ರ‍್ಯಾಸ್‌ಗಳನ್ನು ಹಿಡಿದು ತೆಗೆಯುತ್ತಾ ಬಂದರು. ಆ ದಿಬ್ಬಗಳಲ್ಲಿ ನೆಲೆಸಿದ ಮೀನುಗಳು ಶೇ. 37ರಷ್ಟು, ಮೀನಿನ ಬಗೆಗಳು ಶೇ. 23ರಷ್ಟು ಕಡಿಮೆ ಕಂಡವು. ಸರಿ, ಆದರೆ ನನ್ನ ಟ್ಯಾಂಕಿನಲ್ಲಿ ದಿನಕ್ಕೆ 1,200 ಹುಳು ಎಲ್ಲಿಂದ ಬರಬೇಕು?

ಬರಲಿಲ್ಲ. ತೊಂದರೆ ಶುರುವಾಗಿದ್ದೇ ಅಲ್ಲಿ. ರ‍್ಯಾಸ್‌ಗೆ ಹುಳುವಿಗಿಂತ ಮೀನಿನ ಮೈಮೇಲಿನ ಲೋಳೆ ಇಷ್ಟ. ಬಂದ ಹೊಸದರಲ್ಲಿ ನನ್ನ ಹಳದಿ ಟ್ಯಾಂಗ್ ಮೀನು ಅದರ ಮುಂದೆ ರೆಕ್ಕೆಯೆಲ್ಲ ಅಗಲಿಸಿ, ತಲೆ ಮೇಲೆ ಮಾಡಿ ಅಲ್ಲಾಡದೆ ನಿಲ್ಲುತ್ತಿತ್ತು. ರ‍್ಯಾಸ್ ಕಿವಿರಿನ ಒಳಗೂ ಮೂತಿ ಹಾಕುತ್ತಿತ್ತು. ನೋಡಲು ಚಂದ. ಆಮೇಲೆ ನೋಡಿದರೆ ಟ್ಯಾಂಗ್ ಆಗಾಗ ಬೆಚ್ಚಿಬಿದ್ದಂತೆ ಮೈ ಕೊಡವುತ್ತಿದೆ. ಲೋಳೆಗೆ ಬಾಯಿ ಹಾಕಿದಾಗ ಆಗುವುದೇ ಅದು.

ಹವಳ ದಿಬ್ಬದಲ್ಲಿ ಇದಕ್ಕೆ ಮದ್ದಿದೆ. ಕಟಿಂಗ್ ಶಾಪಿನವನು ಕಿವಿ ಕೊಯ್ದರೆ ಮುಂದಿನ ಸಲ ಬೇರೆ ಅಂಗಡಿಗೆ ಹೋಗ್ತೀವಲ್ಲ, ಹಾಗೆ ಕಚ್ಚಿಸಿಕೊಂಡ ಮೀನು ಇನ್ನೊಂದು ರ‍್ಯಾಸ್ ಹತ್ತಿರ ಹೋಗುತ್ತದೆ. ಇಲ್ಲವೇ ಕಚ್ಚಿದ್ದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಜೋಡಿಯಾಗಿ ಕೆಲಸ ಮಾಡುವಾಗ ಹೆಣ್ಣು ಕಚ್ಚಿದರೆ ಗಂಡು ರ‍್ಯಾಸೇ ಆ ಹೆಣ್ಣನ್ನು ಅಟ್ಟಾಡಿಸುವುದೂ ಉಂಟು. ಟ್ಯಾಂಕಿನಲ್ಲಿ ಟ್ಯಾಂಗ್ ಪಾಪ ಎಲ್ಲಿಗೆ ಹೋಗಬೇಕು? ಪಂಪ್ ಹಿಂದೆ ಅಡಗಿ ಕೂರತೊಡಗಿತು. ರ‍್ಯಾಸ್ ಅಲ್ಲಿಗೂ ಬಿಡಲಿಲ್ಲ. ಗುಳಿಗೆಯಂಥ ಮೀನಿನ ಆಹಾರ ಪೆಲೆಟ್ ಹಾಕಿದರೆ ಮೂಸಿಯೂ ನೋಡುತ್ತಿರಲಿಲ್ಲ. ಬ್ರೈನ್ ಶ್ರಿಂಪ್ ಎಂಬ ಪುಟ್ಟ ಸಿಗಡಿಯಂಥ ಜೀವಿಗಳನ್ನು ಹಾಕಿದರೆ ಒಂದೆರಡು ಕಚ್ಚಿ ಮತ್ತೆ ಟ್ಯಾಂಗ್ ಕಡೆಗೇ. ರ‍್ಯಾಸ್‌ನ ಹೊಟ್ಟೆ ಒಳಕ್ಕೆ ಹೋಗಿದ್ದು ಕಂಡ ದಿನ ಅದನ್ನು ಅಂಗಡಿಗೆ ವಾಪಸ್ ಕೊಟ್ಟೆ. ದುಡ್ಡೇನೂ ಬರಲಿಲ್ಲ.

ಕ್ಲೀನರ್ ಸಿಗಡಿ ಕೆಟ್ಟದ್ದಲ್ಲ. ಕೆಂಪು ಬೆನ್ನು, ನಡುವೆ ಬಿಳಿ ಗೆರೆ. ನೀರಿಗೆ ಕೈ ಇಟ್ಟರೆ ಉಗುರಿನ ಸಂದಿಯನ್ನೂ ಕೆರೆಯುತ್ತದೆ. ಆದರೆ ಬಿಳಿ ಚುಕ್ಕೆಗೆ ಹಾಕುವ ತಾಮ್ರದ ಔಷಧಿ ಸಿಗಡಿಗೆ ವಿಷ. ಪ್ರತ್ಯೇಕ ಆಸ್ಪತ್ರೆ ಟ್ಯಾಂಕ್ ಇಡಲು ನನ್ನ ಮನೆಯಲ್ಲಿ ಜಾಗ ಇಲ್ಲ.

ಇನ್ನು ಗೋಬಿ. ಐದು ಸೆಂಟಿಮೀಟರ್ ಉದ್ದದ ಕಪ್ಪು ಮೀನು, ಮೈಮೇಲೆ ಹೊಳೆಯುವ ನೀಲಿ ಗೆರೆ. ಊರು ಫ್ಲೋರಿಡಾ, ಕೆರಿಬಿಯನ್ ಕಡೆ. ಅಲ್ಲಿಂದಲೇ ಹಿಡಿದು ತರಬೇಕಿಲ್ಲ, ಟ್ಯಾಂಕಿನಲ್ಲೇ ಮರಿ ಮಾಡಿಸಿದ್ದು ಸಿಗುತ್ತದೆ. ಹಾಗೆ ಹುಟ್ಟಿದ್ದಕ್ಕೆ ಪೆಲೆಟ್ ಹೊಸದಲ್ಲ, ಮೊದಲ ದಿನವೇ ತಿಂದಿತು. ಇದೇ ಕುಲದ ಇನ್ನೊಂದು ಗೋಬಿಗೆ ಲೋಳೆಗಿಂತ ಹುಳುವೇ ಇಷ್ಟ ಎಂದು ಸಂಶೋಧಕರು ಕಂಡಿದ್ದಾರೆ. ನನ್ನದೂ ಯಾರನ್ನೂ ಕಾಡುವುದಿಲ್ಲ. ಕಲ್ಲಿನ ಮೇಲೆ ಸುಮ್ನೆ ಕೂತಿರುತ್ತದೆ, ಬೇಕಿದ್ದ ಮೀನು ತಾನೇ ಬಂದು ನಿಲ್ಲುತ್ತದೆ. ಟ್ಯಾಂಗ್ ಪೆಸಿಫಿಕ್‌ನದು, ಗೋಬಿ ಅಟ್ಲಾಂಟಿಕ್‌ನದು. ಸಮುದ್ರದಲ್ಲಿ ಇವೆರಡೂ ಮುಖಾಮುಖಿ ಆಗುವ ಮಾತೇ ಇಲ್ಲ. ಆದರೂ ಟ್ಯಾಂಗ್ ಅದೇ ಹಳೆಯ ಭಂಗಿಯಲ್ಲಿ ಗೋಬಿ ಮುಂದೆ ನಿಂತಿತು! ಪಂಪ್ ಹಿಂದಿನ ವಾಸ ಮುಗಿಯಿತು.

ನಾನು ಬೆಳಿಗ್ಗೆ ಆಫೀಸಿಗೆ ಹೊರಟರೆ ಬರುವುದು ರಾತ್ರಿಗೇ. ಊಟ ಹಾಕುವುದು ಎರಡೇ ಹೊತ್ತು. ದಿನವಿಡೀ ಮನೆಯಲ್ಲಿದ್ದು, ದೊಡ್ಡ ಟ್ಯಾಂಕಿನಲ್ಲಿ ತುಂಬ ಮೀನು ಇಟ್ಟವರಿಗೆ ರ‍್ಯಾಸ್ ಆಗಬಹುದೇನೋ. ನನಗೆ ಅದನ್ನು ನೋಡುವ ಆಸೆಯಾದರೆ ಅಂಡಮಾನಿಗೆ ಹೋಗಿ ನೀರಿಗಿಳಿಯುತ್ತೇನೆ. ಗೋಬಿಗೆ ರ‍್ಯಾಸ್‌ಗಿಂತ ದುಡ್ಡು ಜಾಸ್ತಿ, ಆಯಸ್ಸು ಎರಡು ವರ್ಷದ ಆಸುಪಾಸು. ಮುಂದಿನದಕ್ಕೆ ಈಗಲೇ ದುಡ್ಡು ಎತ್ತಿಟ್ಟಿದ್ದೇನೆ.